ಮೇಜಿನ ಮೇಲಿನ ರಣರಂಗ: ನಕ್ಷೆ, ನೆಲ, ಟೆರೇನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಿನಿಯೇಚರ್ ಯುದ್ಧದಾಟಕ್ಕೆ, ಅಂದರೆ ಸಣ್ಣ ಗೊಂಬೆಗಳ ಸೈನ್ಯವನ್ನು ಮೇಜಿನ ಮೇಲೆ ನಡೆಸಿ ದಾಳ ಉರುಳಿಸಿ ಆಡುವ ಆಟಕ್ಕೆ, ಹೊಸದಾಗಿ ಬಂದವರು ಸೈನ್ಯದ ಬಗ್ಗೆ ಹತ್ತು ಪ್ರಶ್ನೆ ಕೇಳಿದರೆ ಟೆರೇನ್ ಬಗ್ಗೆ, ಅಂದರೆ ಮೇಜಿನ ಮೇಲಿನ ನೆಲ, ಗುಡ್ಡ, ಕಾಡು, ಕಟ್ಟಡಗಳ ಬಗ್ಗೆ, ಒಂದು ಕೇಳುತ್ತಾರೆ. ಆ ಒಂದೊಂದನ್ನೇ ಇಲ್ಲಿ ಒಟ್ಟು ಮಾಡಿ ಉತ್ತರ ಬರೆದಿದ್ದೇನೆ. ಹೆಚ್ಚಿನ ಮಾತು 28 ಮಿ.ಮೀ. ಗೊಂಬೆಗಳ ಆಟಗಳ ಬಗ್ಗೆ, ಅಂದರೆ ವಾರ್‌ಹ್ಯಾಮರ್ 40,000, ಬೋಲ್ಟ್ ಆಕ್ಷನ್, ಕಿಲ್ ಟೀಮ್, ಇನ್ಫಿನಿಟಿ ತರಹದ್ದು. ಬೇರೆ ಅಳತೆಯವರಿಗೂ ಬಹುಪಾಲು ಹೊಂದುತ್ತದೆ.

ಸೈನ್ಯ ಕೊಂಡು ಪೇಂಟ್ ಮಾಡಿದ್ದೇನೆ. ಟೆರೇನ್ ನಿಜವಾಗಲೂ ಬೇಕಾ? ಖಾಲಿ ಮೇಜಿನ ಮೇಲೆ ಆಡಿದರೆ ಆಗಲ್ವಾ?

ಆಡಬಹುದು, ಆದರೆ ಅದು ದಾಳ ಉರುಳಿಸುವ ಸ್ಪರ್ಧೆ ಆಗುತ್ತದೆ ಅಷ್ಟೇ. ಲೆಕ್ಕ ಹಾಕಿ ನೋಡಿ. ಮೇಜು 4 ಅಡಿ ಅಗಲ, ಅಂದರೆ 48 ಇಂಚು. ಇಬ್ಬರೂ ತಮ್ಮ ಅಂಚಿನಿಂದ 12 ಇಂಚು ಒಳಗೆ ಸೈನ್ಯ ನಿಲ್ಲಿಸಿದರೆ ನಡುವೆ ಉಳಿಯುವುದು 24 ಇಂಚು. ಬೋಲ್ಟ್ ಆಕ್ಷನ್‌ನಲ್ಲಿ ರೈಫಲ್ ಹೊಡೆಯುವ ದೂರ 24 ಇಂಚು, 40,000ದ ಬೋಲ್ಟ್‌ಗನ್ ಕೂಡ 24 ಇಂಚು. ಕಾಲಾಳು ಗುಂಡು ಹಾರಿಸುತ್ತಾ ನಡೆಯುವುದು ಒಂದು ಸರದಿಗೆ 6 ಇಂಚು. ಅಂದರೆ ಮೊದಲ ಸರದಿಯಲ್ಲೇ ಎಲ್ಲರೂ ಎಲ್ಲರಿಗೂ ಹೊಡೆಯಬಹುದು, ಮುಂದೆ ಬರುವವನು ಮೂರು ನಾಲ್ಕು ಸರದಿ ಸುಮ್ನೆ ಸಾಯಬೇಕು. ಯಾರು ಮೊದಲು ಆಡುತ್ತಾರೋ ಅವರು ಗೆದ್ದ ಹಾಗೆಯೇ.

ಈ 24 ಇಂಚನ್ನು ಮುರಿಯೋದಕ್ಕೇ ಟೆರೇನ್ ಇರೋದು. ಅಂದಚೆಂದ ಆಮೇಲೆ ಬರುತ್ತದೆ. ನಾನು ಯಾವ ತುಣುಕನ್ನೇ ಮಾಡಲಿ, ಕೊಳ್ಳಲಿ, ಮೊದಲು ಕೇಳಿಕೊಳ್ಳುವುದು ಒಂದೇ ಮಾತು: ಇದು ಮೇಜಿನ ಮೇಲೆ ಬಂದರೆ ಆಡುವವರು ಏನನ್ನು ಯೋಚಿಸಬೇಕಾಗುತ್ತದೆ? ಏನೂ ಇಲ್ಲ ಅಂದರೆ ಅದು ಷೋಕೇಸಿನಲ್ಲಿ ಇರಲಿ.

ಮೇಜು ಎಷ್ಟು ದೊಡ್ಡದು ಬೇಕು?

ಹಳೆಯ ರೂಢಿ 6 ಅಡಿಗೆ 4 ಅಡಿ. ಬೋಲ್ಟ್ ಆಕ್ಷನ್ ಮತ್ತು ಬಹಳಷ್ಟು ಐತಿಹಾಸಿಕ ಆಟಗಳು ಇವತ್ತಿಗೂ ಅಲ್ಲೇ ಇವೆ. ವಾರ್‌ಹ್ಯಾಮರ್ 40,000 ಮಾತ್ರ 2020ರ 9ನೇ ಆವೃತ್ತಿಯಿಂದ ಸಾಮಾನ್ಯ ಆಟಕ್ಕೆ 60 ಇಂಚಿಗೆ 44 ಇಂಚು ಎಂದು ಇಳಿಸಿತು. ಆ ಅಳತೆ ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಳ್ಳುವವರಿಗೆ: 30 ಇಂಚಿಗೆ 22 ಇಂಚಿನ ರಟ್ಟಿನ ಬೋರ್ಡು ನಾಲ್ಕು ಜೋಡಿಸಿದರೆ ಅದೇ ಆಗುತ್ತದೆ. ಕಿಲ್ ಟೀಮ್‌ಗೆ ಅಂಥದ್ದೊಂದು ಬೋರ್ಡು ಸಾಕು. ಇನ್ಫಿನಿಟಿಯಲ್ಲಿ 300 ಪಾಯಿಂಟಿನ (ಪಾಯಿಂಟ್ ಅಂದರೆ ಸೈನ್ಯದ ಬಲದ ಲೆಕ್ಕ) ಆಟಕ್ಕೆ 4 ಅಡಿಗೆ 4 ಅಡಿ.

ದೊಡ್ಡ ಮೇಜಿದ್ದರೆ ಸಣ್ಣ ಅಳತೆಯನ್ನು ಟೇಪಿನಿಂದ ಗುರುತು ಮಾಡಿಕೊಳ್ಳಬಹುದು. ಹಾಗಾಗಿ ಒಂದೇ ಕೊಳ್ಳುವುದಾದರೆ 6×4 ಕೊಳ್ಳಿ.

ನಮ್ಮ ಮನೆ ಎರಡು ಕೋಣೆಯ ಅಪಾರ್ಟ್‌ಮೆಂಟು. ಅಷ್ಟು ದೊಡ್ಡ ಮೇಜು ಎಲ್ಲಿ ಇಡಲಿ?

ಮೇಜು ಬೇಡ, ಹಲಗೆ ಬೇಕು. ನಮ್ಮಲ್ಲಿ ಪ್ಲೈವುಡ್ 8 ಅಡಿಗೆ 4 ಅಡಿ ಹಾಳೆಯಾಗಿ ಸಿಗುತ್ತದೆ. ಅಂಗಡಿಯಲ್ಲೇ 3 ಅಡಿಗೆ 4 ಅಡಿಯ ಎರಡು ತುಂಡು ಮಾಡಿಸಿ. ಉಳಿದ 2 ಅಡಿಗೆ 4 ಅಡಿಯ ತುಂಡನ್ನು ಬಿಡಬೇಡಿ, ಅದೇ ಗುಡ್ಡ ಮತ್ತು ಕಾಡುಗಳ ಅಡಿಹಲಗೆ ಆಗುತ್ತದೆ. ಊಟದ ಮೇಜಿನ ಮೇಲೆ ಒಂದು ಹಳೆ ಜಮಖಾನ ಹಾಸಿ, ಮೇಲೆ ಈ ಎರಡು ಹಲಗೆ ಜೋಡಿಸಿ. ಜಮಖಾನ ಇದ್ದರೆ ಪಾಲಿಷ್ ಗೀಚುವುದಿಲ್ಲ, ಹಲಗೆ ಜಾರುವುದೂ ಇಲ್ಲ. ಆಟ ಮುಗಿದ ಮೇಲೆ ಎರಡನ್ನೂ ಬೀರುವಿನ ಹಿಂದೆ ನಿಲ್ಲಿಸಿದರೆ ಆಯಿತು. 12 ಮಿ.ಮೀ. ದಪ್ಪ ಗಟ್ಟಿಯಾಗಿರುತ್ತದೆ, ಆದರೆ ಒಬ್ಬರೇ ಎತ್ತುವುದು ಕಷ್ಟ. ಕೆಳಗಿನ ಮೇಜು ದೊಡ್ಡದಿದ್ದು ಹಲಗೆಯ ಅಂಚು ಜಾಸ್ತಿ ಹೊರಗೆ ಚಾಚದಿದ್ದರೆ 8 ಅಥವಾ 9 ಮಿ.ಮೀ. ಸಾಕು.

ಇನ್ನೊಂದು ದಾರಿ ಸಣ್ಣ ಆಟವನ್ನೇ ಆರಿಸುವುದು. ಐದಾರು ಗೊಂಬೆಗಳ ಆಟಕ್ಕೆ ಒಂದು ಟೀಪಾಯಿ ಸಾಕು. ಅಂಥ ಆಟದಲ್ಲಿ ಒಂದೊಂದು ಗೋಡೆ, ಒಂದೊಂದು ಕಿಟಕಿ ಕೂಡ ಲೆಕ್ಕಕ್ಕೆ ಬರುವುದರಿಂದ ಟೆರೇನ್ ಮಾಡುವವರಿಗೆ ಅದರಲ್ಲೇ ಖುಷಿ ಜಾಸ್ತಿ ಅಂತ ನನ್ನ ಅನಿಸಿಕೆ.

ಹಾಸುವ ಮ್ಯಾಟ್ ಯಾವುದು ಒಳ್ಳೆಯದು? ಫ್ಲೆಕ್ಸ್ ಪ್ರಿಂಟ್ ಮಾಡಿಸಿದರೆ ನಡೆಯುತ್ತಾ?

ದುಡ್ಡಿದ್ದರೆ ಮೌಸ್ ಪ್ಯಾಡಿನ ತರಹದ ರಬ್ಬರ್ ಮ್ಯಾಟ್ ಎಲ್ಲಕ್ಕಿಂತ ಚೆನ್ನ. ಸುಕ್ಕಾಗಲ್ಲ, ದಾಳ ಸದ್ದು ಮಾಡಲ್ಲ, ಗೊಂಬೆ ಜಾರಲ್ಲ. ಆದರೆ ತೂಕ ಇದೆ, ಬೆಲೆಯೂ ಇದೆ.

ಫ್ಲೆಕ್ಸ್ ನಡೆಯುತ್ತದೆ. ಬ್ಯಾನರ್ ಪ್ರಿಂಟ್ ಮಾಡುವ ಯಾವ ಅಂಗಡಿಗೆ ಹೋದರೂ ಚದರ ಅಡಿ ಲೆಕ್ಕದಲ್ಲಿ ಮಾಡಿಕೊಡುತ್ತಾರೆ. ಚಿತ್ರ ಮಾತ್ರ ದೊಡ್ಡದಿರಬೇಕು: ಇಂಚಿಗೆ 100 ಚುಕ್ಕಿ ಲೆಕ್ಕ ಇಟ್ಟರೆ 6×4 ಅಡಿಗೆ 7200×4800 ಪಿಕ್ಸೆಲ್. ಇದಕ್ಕಿಂತ ಚಿಕ್ಕ ಚಿತ್ರ ಕೊಟ್ಟರೆ ಹುಲ್ಲು ಹಸಿರು ಮಸಿಯ ಹಾಗೆ ಬರುತ್ತದೆ. ಫ್ಲೆಕ್ಸಿನ ತೊಂದರೆ ಹೊಳಪು. ಮೇಲೆ ಟ್ಯೂಬ್‌ಲೈಟ್ ಇದ್ದರೆ ನೆಲವೆಲ್ಲ ಮಿಂಚುತ್ತದೆ. ಅಂಗಡಿಯಲ್ಲಿ ಹೊಳಪಿಲ್ಲದ ಹಾಳೆ ಇದೆಯಾ ಕೇಳಿ, ಅಥವಾ ಬಟ್ಟೆಯ ಮೇಲೆ ಪ್ರಿಂಟ್ ಮಾಡಿಸಿ. ನಾನು ಈಗ ಬಟ್ಟೆಗೇ ಬಂದಿದ್ದೇನೆ. ಕೆಳಗೆ ಪುಸ್ತಕವೋ ಥರ್ಮೋಕೋಲ್ ತುಂಡೋ ಇಟ್ಟು ಮೇಲೆ ಬಟ್ಟೆ ಹಾಸಿದರೆ ದಿಬ್ಬಗಳು ತಾನೇ ಎದ್ದು ಬರುತ್ತವೆ, ಯಾವ ಅಂಗಡಿಯ ಗುಡ್ಡವೂ ಅಷ್ಟು ಸಹಜವಾಗಿ ಕಾಣುವುದಿಲ್ಲ.

ಫ್ಲೆಕ್ಸನ್ನು ಎಂದೂ ಮಡಚಬೇಡಿ. ಪಿವಿಸಿ ಪೈಪಿಗೆ ಸುತ್ತಿಡಿ, ಚಿತ್ರ ಹೊರಮೈಗೆ ಇರಲಿ. ಆಗ ಹಾಸಿದಾಗ ತುದಿಗಳು ಕೆಳಗೆ ಬಾಗುತ್ತವೆ, ಮೇಲೆ ಏಳುವುದಿಲ್ಲ.

ಮ್ಯಾಟ್ ಚಿತ್ರದಲ್ಲಿ ರಸ್ತೆ, ನದಿ, ಕಟ್ಟಡದ ಗುರುತು ಇರುವುದನ್ನು ಮೊದಲನೆಯದಾಗಿ ಕೊಳ್ಳಬೇಡಿ ಅಂತ ನಾನು ಹೇಳುತ್ತೇನೆ. ನೋಡೋಕೆ ಬಹಳ ಚೆನ್ನಾಗಿರುತ್ತದೆ, ಆದರೆ ಪ್ರತಿ ಆಟದಲ್ಲೂ ರಸ್ತೆ ಅಲ್ಲೇ, ನದಿ ಅಲ್ಲೇ. ಬರೀ ಹುಲ್ಲು ಮಣ್ಣಿನ ನೆಲ ಕೊಂಡು ರಸ್ತೆ ನದಿಗಳನ್ನು ಪಟ್ಟಿಗಳಾಗಿ ಮೇಲೆ ಇಟ್ಟರೆ ನೂರು ನಕ್ಷೆ ಆಗುತ್ತದೆ.

ಟೆರೇನ್ ಎಷ್ಟಿದ್ದರೆ ಸಾಕು?

ಸುಲಭದ ಪರೀಕ್ಷೆ ಒಂದಿದೆ. ನಿಮ್ಮ ಹತ್ತಿರ ಇರುವ ಎಲ್ಲವನ್ನೂ ಮೇಜಿನ ಕಾಲು ಭಾಗಕ್ಕೆ, ಅಂದರೆ 6×4 ಮೇಜಾದರೆ 3 ಅಡಿಗೆ 2 ಅಡಿಯ ಒಂದು ಮೂಲೆಗೆ, ಒತ್ತೊತ್ತಾಗಿ ತಳ್ಳಿ. ಆ ಮೂಲೆ ತುಂಬಿದರೆ ಬಹುತೇಕ ಆಟಗಳಿಗೆ ಕನಿಷ್ಠ ಮುಟ್ಟಿದ್ದೀರಿ. ತುಂಬದಿದ್ದರೆ ಇನ್ನೂ ಬೇಕು. ಆಮೇಲೆ ಅದನ್ನೆಲ್ಲ ಮೇಜಿನ ತುಂಬ ಹರಡಿ.

ಆದರೆ ಆಟದಿಂದ ಆಟಕ್ಕೆ ಲೆಕ್ಕ ಬೇರೆ. ನೆಪೋಲಿಯನ್ ಕಾಲದ ಸೈನ್ಯಗಳು ಸಾಲಾಗಿ ನಿಂತು ನಡೆಯುವವು, ಅವಕ್ಕೆ ಬಯಲು ಬೇಕು. ಇಕ್ಕಟ್ಟು ಮಾಡಿದರೆ ಆಟವೇ ಸಾಗುವುದಿಲ್ಲ. ಇನ್ಫಿನಿಟಿಯಲ್ಲಿ ನಿಮ್ಮ ಸರದಿಯಲ್ಲೇ ಎದುರಾಳಿಯ ಗೊಂಬೆ ತಿರುಗಿ ಹೊಡೆಯಬಹುದು. ಹಾಗಾಗಿ ಉದ್ದನೆಯ ಖಾಲಿ ಬೀದಿ ಒಂದಿದ್ದರೂ ಅಲ್ಲಿ ಯಾರೂ ಕಾಲಿಡಲಾರರು. ಮೇಜು ಕಿಕ್ಕಿರಿದಿರಬೇಕು, ಒಂದು ಗಲ್ಲಿಯಿಂದ ಇನ್ನೊಂದು ಗಲ್ಲಿ ಕಾಣಬಾರದು. 40,000 ಈ ಎರಡರ ನಡುವೆ, ಆದರೆ ಇನ್ಫಿನಿಟಿಯ ಕಡೆಗೇ ವಾಲುತ್ತದೆ.

ಸರಿ, ಟೆರೇನ್ ಇದೆ. ಎಲ್ಲಿ ಏನು ಇಡಬೇಕು ಅನ್ನೋದೇ ಗೊತ್ತಾಗಲ್ಲ.

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಕನ್ನಡದಲ್ಲಿ ಎರಡು ಒಳ್ಳೆಯ ಪದಗಳಿವೆ, ಮರೆ ಮತ್ತು ಆಸರೆ. ಮರೆ ಅಂದರೆ ನಿಮ್ಮನ್ನು ನೋಡಲಿಕ್ಕೇ ಆಗುವುದಿಲ್ಲ: ದೊಡ್ಡ ಕಟ್ಟಡ, ಗುಡ್ಡ, ಎತ್ತರದ ಗೋಡೆ. ಆಸರೆ ಅಂದರೆ ಕಾಣಿಸುತ್ತೀರಿ, ಆದರೆ ಹೊಡೆಯುವುದು ಕಷ್ಟ: ಮೊಣಕಾಲೆತ್ತರದ ಗೋಡೆ, ಬೇಲಿ, ಮರಳು ಚೀಲ, ಪೀಪಾಯಿ. ಹೊಸಬರ ಮೇಜಿನಲ್ಲಿ ಆಸರೆ ತುಂಬಾ ಇರುತ್ತದೆ, ಮರೆ ಇರುವುದೇ ಇಲ್ಲ. ಪೀಪಾಯಿ, ಪೆಟ್ಟಿಗೆ, ಬೇಲಿಗಳು ಅಗ್ಗ, ಮಾಡೋಕೂ ಸುಲಭ, ಅದಕ್ಕೇ ಹೀಗಾಗುತ್ತದೆ. ಮೇಜು ತುಂಬಿದ ಹಾಗೆ ಕಾಣುತ್ತದೆ, ಆದರೆ ಗುಂಡು ಮೊದಲ ಸರದಿಯಿಂದಲೇ ಹಾರುತ್ತದೆ.

ಆದ್ದರಿಂದ ಮೊದಲು ಮರೆ ಇಡಿ. ಮೇಜಿನ ನಟ್ಟನಡುವಿಗೆ ಹತ್ತಿರ ಒಂದು ದೊಡ್ಡ ತುಣುಕು ಬರಲಿ. ಅದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಕಾಣುವ ನೋಟವನ್ನು ತುಂಡು ಮಾಡುತ್ತದೆ. ನಡುವಿನಲ್ಲಿ ಇಡುವ ಕಟ್ಟಡ ಎತ್ತರದ ಗೋಪುರ ಆಗಿರಬಾರದು. ಅದರ ಮೇಲೆ ಮೆಷಿನ್‌ಗನ್ ಹತ್ತಿಸಿದವನು ಇಡೀ ಮೇಜನ್ನು ಆಳುತ್ತಾನೆ. ಗೋಪುರ ಇಡಲೇಬೇಕು ಅಂದರೆ ಬದಿಗೆ ಇಡಿ, ಅದರ ಎದುರಿಗೆ ಇನ್ನೊಂದು ಕಟ್ಟಡ ನಿಲ್ಲಿಸಿ.

ಆಮೇಲೆ ದಾರಿಗಳು. ಟ್ಯಾಂಕ್ ಇರುವ ಆಟವಾದರೆ ಅಂಚಿನಿಂದ ಅಂಚಿಗೆ ಕನಿಷ್ಠ ಎರಡು ದಾರಿ ಟ್ಯಾಂಕ್ ಹೋಗುವಷ್ಟು ಅಗಲ ಇರಬೇಕು, 6 ಇಂಚು ಇದ್ದರೆ ಧಾರಾಳ. ಒಂದೇ ದಾರಿ ಬಿಟ್ಟರೆ ಅಲ್ಲಿ ಒಂದು ಫಿರಂಗಿ ನಿಲ್ಲಿಸಿ ಆಟ ಮುಗಿಸಬಹುದು. ದಾರಿಗಳು ನೇರವಾಗಿರಬಾರದು, ನಡುವೆ ಒಂದು ತಿರುವು ಇರಲಿ.

ಬೇಲಿ, ಪೀಪಾಯಿಗಳ ಸರದಿ ಕೊನೆಗೆ. ಒಂದು ಮರೆಯಿಂದ ಇನ್ನೊಂದು ಮರೆಗೆ ಓಡುವಾಗ ನಡುವೆ ಸಿಗುವ ಖಾಲಿ ಜಾಗ 10–12 ಇಂಚಿಗಿಂತ ಜಾಸ್ತಿ ಇದ್ದರೆ ಅಲ್ಲೊಂದು ಸಣ್ಣ ಗೋಡೆ ಬರಲಿ. ಗೆಲುವಿನ ಗುರುತು, ಅಂದರೆ ಆಬ್ಜೆಕ್ಟಿವ್, ಇರುವ ಕಡೆ ಪೂರ್ತಿ ಮರೆ ಕೊಡಬೇಡಿ. ಅದನ್ನು ಹಿಡಿದವನು ಸ್ವಲ್ಪ ಕಾಣಿಸಬೇಕು, ಇಲ್ಲದಿದ್ದರೆ ಅಲ್ಲಿ ಕೂತವನನ್ನು ಯಾರೂ ಎಬ್ಬಿಸಲಾರರು.

ಎಲ್ಲ ಇಟ್ಟ ಮೇಲೆ ಪರೀಕ್ಷೆ. ಮೊಬೈಲನ್ನು ತಲೆಕೆಳಗು ಮಾಡಿ ಮೇಜಿನ ಮೇಲೆ ನಿಲ್ಲಿಸಿ. ಕ್ಯಾಮೆರಾ ಸುಮಾರಾಗಿ ಗೊಂಬೆಯ ಕಣ್ಣಿನ ಮಟ್ಟಕ್ಕೆ ಬರುತ್ತದೆ. ನಿಮ್ಮ ಅಂಚಿನ ನಾಲ್ಕೈದು ಕಡೆಯಿಂದ ಆ ಕಡೆ ನೋಡಿ. ಒಂದೇ ಜಾಗದಿಂದ ಎದುರಾಳಿಯ ಅರ್ಧಕ್ಕಿಂತ ಜಾಸ್ತಿ ಅಂಚು ಕಾಣಿಸಿದರೆ ಏನಾದರೂ ಸರಿಸಬೇಕು. ಎರಡು ನಿಮಿಷದ ಕೆಲಸ, ಮೂರು ಗಂಟೆಯ ಆಟ ಉಳಿಸುತ್ತದೆ.

ಎರಡೂ ಕಡೆ ಒಂದೇ ತರಹ ಇರಬೇಕಾ?

ಟೂರ್ನಮೆಂಟ್ ಆದರೆ ಹೌದು, ನಕ್ಷೆಯನ್ನು ಅರ್ಧ ಸುತ್ತು ತಿರುಗಿಸಿದರೂ ಅದೇ ಕಾಣುವ ಹಾಗೆ ಇಡುತ್ತಾರೆ. ಮನೆಯಲ್ಲಿ ಆಡುವಾಗ ಬೇಕಿಲ್ಲ. ಒಬ್ಬರು ಟೆರೇನ್ ಇಡಲಿ, ಇನ್ನೊಬ್ಬರು ಯಾವ ಕಡೆ ಬೇಕೋ ಆರಿಸಿಕೊಳ್ಳಲಿ. ಮನೆಯಲ್ಲಿ ಇಬ್ಬರು ಮಕ್ಕಳಿಗೆ ಒಂದು ಹೋಳಿಗೆ ಹಂಚುವಾಗ ಮಾಡುವುದೂ ಇದನ್ನೇ ಅಲ್ವಾ? ಕತ್ತರಿಸುವವನು ಸಮನಾಗಿಯೇ ಕತ್ತರಿಸುತ್ತಾನೆ.

ಪ್ರಾಚೀನ ಕಾಲದ ಯುದ್ಧಗಳ ಡಿಬಿಎ ಆಟದಲ್ಲಿ ಇನ್ನೊಂದು ಸೊಗಸಾದ ಪದ್ಧತಿ ಇದೆ. ಕಾಪಾಡಿಕೊಳ್ಳುವ ಸೈನ್ಯ ತನ್ನ ನಾಡಿನ ನೆಲದಲ್ಲಿ ಆಡುತ್ತದೆ. ಬೆಟ್ಟದ ನಾಡಿನವರಾದರೆ ಬೆಟ್ಟ, ಹೊಲಗದ್ದೆಯ ನಾಡಾದರೆ ಹೊಲಗದ್ದೆ. ದಂಡೆತ್ತಿ ಬಂದವನು ಸಿಕ್ಕ ನೆಲದಲ್ಲಿ ಹೋರಾಡಬೇಕು. ಒಂದು ಕಡೆಗೆ 12 ತುಕಡಿ ಅಷ್ಟೇ, 15 ಮಿ.ಮೀ. ಗೊಂಬೆಯಾದರೆ 2 ಅಡಿ ಚೌಕದ ಮೇಜು ಸಾಕು. ನೆಲ ಅಂದರೇನು ಅಂತ ಕಲಿಯೋದಕ್ಕೆ ಇದಕ್ಕಿಂತ ಒಳ್ಳೆಯ ಆಟ ನಾನು ಕಂಡಿಲ್ಲ.

ಕಾಡು ಬಂದರೆ ಯಾವಾಗಲೂ ವಾದ ಆಗುತ್ತೆ. ಮರದ ಸಂದಿಯಲ್ಲಿ ಕಾಣುತ್ತೋ ಇಲ್ಲವೋ?

ಮರಗಳನ್ನು ಲೆಕ್ಕಕ್ಕೆ ತಗೋಬೇಡಿ, ಅಡಿಹಲಗೆಯನ್ನು ತಗೊಳ್ಳಿ. ಕಾಡು ಅಂದರೆ ಒಂದು ಆಕಾರದ ಹಲಗೆ, ಅದರ ಮೇಲೆ ಸುಮ್ನೆ ನಿಲ್ಲಿಸಿದ ನಾಲ್ಕೈದು ಮರ. ಅಂಟಿಸಬೇಡಿ. ಸೈನ್ಯ ಒಳಗೆ ಬಂದಾಗ ಮರ ಪಕ್ಕಕ್ಕೆ ಸರಿಸಿ, ಹೋದ ಮೇಲೆ ವಾಪಸ್ ಇಡಿ. ಹಲಗೆಯ ಅಂಚೇ ಕಾಡಿನ ಅಂಚು. ಅಂಚಿನಿಂದ ಇಷ್ಟು ಇಂಚು ಒಳಗಿನವರೆಗೆ ಕಾಣುತ್ತದೆ, ಆಚೆ ಬದಿ ಕಾಣಲ್ಲ ಅಂತ ಮೊದಲೇ ಮಾತಾಡಿಕೊಳ್ಳಿ.

ಆಟಕ್ಕೆ ಮುಂಚೆ ಪ್ರತಿ ತುಣುಕಿನ ಮೇಲೂ ಬೆರಳಿಟ್ಟು ಮೂರು ಮಾತು ಕೇಳಿ: ಇದರ ಆಚೆ ಕಾಣುತ್ತಾ? ಇಲ್ಲಿ ನಿಂತರೆ ಆಸರೆ ಇದೆಯಾ? ದಾಟಲು ನಿಧಾನ ಆಗುತ್ತಾ? ಐದು ನಿಮಿಷ ಹಿಡಿಯುತ್ತದೆ. ನಾನು ಒಮ್ಮೆ ಇದನ್ನು ಬಿಟ್ಟು ಆಡಲು ಕೂತೆ. ನಾಲ್ಕನೇ ಸರದಿಯಲ್ಲಿ ಮುರಿದ ಗೋಡೆಯ ಕಿಟಕಿಯೊಂದರ ಬಗ್ಗೆ ಶುರುವಾದ ಮಾತು ಗೆಳೆಯನ ಜೊತೆ ಎರಡು ವಾರದ ಮೌನಕ್ಕೆ ಹೋಯಿತು. ಈಗಲೂ ಅದರ ಬಗ್ಗೆ ಬೇಸರ ಇದೆ. 40,000ದ ಟೂರ್ನಮೆಂಟುಗಳಲ್ಲಿ ಎಷ್ಟೋ ಕಡೆ ನೆಲಮಹಡಿಯ ಕಿಟಕಿಗಳೆಲ್ಲ ಮುಚ್ಚಿವೆ ಎಂದು ಮೊದಲೇ ಸಾರಿಬಿಡುತ್ತಾರೆ, ಅದು ಬಹಳ ಒಳ್ಳೆಯ ರೂಢಿ.

ಸ್ಕೇಲ್ ಬಗ್ಗೆ ತಲೆ ಕೆಡುತ್ತೆ. 28 ಮಿ.ಮೀ. ಗೊಂಬೆಗೆ ಯಾವ ಅಳತೆಯ ಮನೆ?

28 ಮಿ.ಮೀ. ಅನ್ನುವುದು ಗೊಂಬೆಯ ಎತ್ತರ, ಸಾಮಾನ್ಯವಾಗಿ ಪಾದದಿಂದ ಕಣ್ಣಿನವರೆಗೆ. ಅದಕ್ಕೆ ಹತ್ತಿರದ ಅನುಪಾತ 1:56. 15 ಮಿ.ಮೀ. ಅಂದರೆ ಸುಮಾರು 1:100, 6 ಮಿ.ಮೀ. ಅಂದರೆ ಸುಮಾರು 1:300. ಮಾಡೆಲ್ ರೈಲಿನ ಎಚ್‌ಒ ಮನೆಗಳು 1:87, ಹಾಗಾಗಿ 28ರ ಗೊಂಬೆ ಅದರ ಬಾಗಿಲಲ್ಲಿ ತೂರುವುದಿಲ್ಲ. ಮರಗಳು ಮಾತ್ರ ಯಾವ ಅಳತೆಯವಾದರೂ ನಡೆಯುತ್ತವೆ, ಮರ ಚಿಕ್ಕದೂ ಇರುತ್ತದೆ ದೊಡ್ಡದೂ ಇರುತ್ತದೆ. ಮಕ್ಕಳ ಚಿಕ್ಕ ಆಟಿಕೆ ಕಾರುಗಳು ಹೆಚ್ಚಾಗಿ 1:64ರ ಆಸುಪಾಸು, ಬೀದಿಯಲ್ಲಿ ಕೆಟ್ಟು ನಿಂತ ಕಾರಾಗಿ ಚೆನ್ನಾಗಿ ಒಪ್ಪುತ್ತವೆ.

ಅಂಗಡಿಯಲ್ಲಿ ಕೊಳ್ಳುವಾಗ ಜೇಬಿನಲ್ಲಿ ಒಂದು ಗೊಂಬೆ ಇರಲಿ. ಬಾಗಿಲ ಎದುರು ನಿಲ್ಲಿಸಿ. ಬುಡದ ಬಿಲ್ಲೆಯೂ ಸೇರಿ ಬಾಗಿಲಲ್ಲಿ ಆರಾಮಾಗಿ ಹೋಗುವ ಹಾಗೆ ಕಂಡರೆ ಕೊಳ್ಳಿ.

ಒಂದು ವಿಷಯ ಮನಸ್ಸಿನಲ್ಲಿರಲಿ. 1:56ರಲ್ಲಿ 6 ಅಡಿ ಮೇಜು ಅಂದರೆ ನಿಜದ ನೆಲ ಬರೀ 102 ಮೀಟರ್. 24 ಇಂಚಿನ ರೈಫಲ್ ದೂರ ಅಂದರೆ 34 ಮೀಟರ್, ಎರಡು ಕ್ರಿಕೆಟ್ ಪಿಚ್‌ನಷ್ಟೂ ಇಲ್ಲ. ಅಂದರೆ ಗೊಂಬೆಯ ಅಳತೆ ಬೇರೆ, ನೆಲದ ಅಳತೆ ಬೇರೆ. ಬಹುತೇಕ ಆಟಗಳು ನೆಲವನ್ನು ಕುಗ್ಗಿಸಿಕೊಂಡೇ ಆಡುತ್ತವೆ. ಇದನ್ನು ಒಪ್ಪಿಕೊಂಡರೆ ಮುಂದಿನ ಪ್ರಶ್ನೆ ಸುಲಭ.

ನಿಜವಾಗಿ ನಡೆದ ಯುದ್ಧದ ನಕ್ಷೆಯನ್ನು ಮೇಜಿಗೆ ತರೋದು ಹೇಗೆ?

ನೆಪೋಲಿಯನ್ ಸೋತ ವಾಟರ್ಲೂ ತಗೊಳ್ಳಿ, 1815ರ ಜೂನ್ 18. ಸೈನ್ಯಗಳು ಎದುರಾದ ಸಾಲು ಸುಮಾರು 4 ಕಿ.ಮೀ. ಅದನ್ನು 6 ಅಡಿಗೆ ಇಳಿಸಿದರೆ ನೆಲದ ಅನುಪಾತ ಸುಮಾರು 1:2200. ಆ ಲೆಕ್ಕದಲ್ಲಿ ನಿಮ್ಮ 28 ಮಿ.ಮೀ. ಸಿಪಾಯಿ 60 ಮೀಟರ್ ಎತ್ತರದವನು! ಹಾಗಾದರೆ ಆ ರಣರಂಗದಲ್ಲಿದ್ದ ಊಗೊಮೋಂ ಎಂಬ ತೋಟದ ಮನೆಯನ್ನು ಗೊಂಬೆಯ ಅಳತೆಯಲ್ಲಿ ಕಟ್ಟಿದರೆ ಮೇಜೇ ಸಾಲುವುದಿಲ್ಲ. ನೆಲದ ಅಳತೆಯಲ್ಲಿ ಕಟ್ಟಿದರೆ ಬೆಂಕಿಪೊಟ್ಟಣದಷ್ಟಾಗುತ್ತದೆ. ಮಾಡುವುದು ಏನಂದರೆ, ಅಷ್ಟೂ ಕಟ್ಟಡಗಳ ಬದಲು ಒಂದು ಮನೆ, ಒಂದು ಗೋಡೆ, ಒಂದು ಚೂರು ತೋಪು. ಅಡಿಹಲಗೆ ಮಾತ್ರ ನೆಲದ ಅಳತೆಗೆ ಆದಷ್ಟು ಹತ್ತಿರ ಇರಲಿ.

ನಕ್ಷೆಯಲ್ಲಿ ಕಾಣುವ ಎಲ್ಲವನ್ನೂ ತರಬೇಡಿ. ಅವತ್ತು ಯಾವ ನೆಲ ಯಾರ ತೀರ್ಮಾನವನ್ನು ಬದಲಿಸಿತು ಅಂತ ಹುಡುಕಿ, ಅದನ್ನಷ್ಟೇ ತನ್ನಿ. ವಾಟರ್ಲೂದಲ್ಲಿ ಅದು ಉದ್ದನೆಯ ಏಣು, ಅಂದರೆ ಉದ್ದಕ್ಕೆ ಚಾಚಿದ ದಿಬ್ಬ, ಅದರ ಹಿಂದಿನ ಇಳಿಜಾರಿನಲ್ಲಿ ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್ ತನ್ನ ಬಹುಪಾಲು ಸೈನ್ಯವನ್ನು ಮರೆಯಲ್ಲಿ ಇಟ್ಟಿದ್ದ. ಏಣಿನ ಮುಂದೆ ಊಗೊಮೋಂ, ಲಾ ಹೇ ಸಾಂತ್ ಎಂಬ ಎರಡು ಗಟ್ಟಿ ಜಾಗಗಳು. ಹಿಂದಿನ ರಾತ್ರಿಯ ಮಳೆಗೆ ಕೆಸರಾದ ಹೊಲ. ಇಷ್ಟು ಇದ್ದರೆ ವಾಟರ್ಲೂ ಆಯಿತು. ಉಳಿದ ಹಳ್ಳಿಗಳನ್ನು ಬಿಟ್ಟರೂ ನಷ್ಟವಿಲ್ಲ.

ನಮ್ಮ ಕಡೆಯ ಯುದ್ಧ ಆಡಬೇಕು ಅನ್ನುವವರಿಗೆ ಟಿಪ್ಪುವಿನ ಶ್ರೀರಂಗಪಟ್ಟಣಕ್ಕಿಂತ ಒಳ್ಳೆಯ ಪಾಠ ಇಲ್ಲ. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಅರಕೆರೆಯವರೆಗೆ ಬಂದಿದ್ದ. ಮಳೆ ಹಿಡಿಯಿತು, ಆಹಾರ ಮುಗಿಯುತ್ತಾ ಬಂತು, ಎತ್ತುಗಳು ಸತ್ತವು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶ ಮಾಡಿ ಹಿಂದೆ ಹೋದ. 1799ರಲ್ಲಿ ಹ್ಯಾರಿಸ್‌ನ ಸೈನ್ಯ ಮಳೆಗಾಲಕ್ಕೆ ಮುಂಚೆಯೇ ಮುಗಿಸುವ ಅವಸರದಲ್ಲಿತ್ತು. ಮೇ 4ರ ಮಧ್ಯಾಹ್ನ, ಕಾವೇರಿಯಲ್ಲಿ ನೀರು ಕಡಿಮೆ ಇದ್ದಾಗ, ಬಂಡೆಗಳ ಮೇಲೆ ನದಿ ದಾಟಿ ಒಡೆದ ಕೋಟೆಗೋಡೆಗೆ ನುಗ್ಗಿತು. ನದಿ ಅದೇ, ಕೋಟೆ ಅದೇ. ಮೇಜಿನಲ್ಲಿ ನೀವು ಇಡುವ ನೀಲಿ ಪಟ್ಟಿಯೂ ಅದೇ. ಆದರೆ ಮೇ ಮೊದಲ ವಾರ ಅಂದರೆ ಅದು ನಿಧಾನವಾಗಿ ದಾಟುವ, ಆಸರೆಯೇ ಇಲ್ಲದ ನೆಲ. ಮಳೆ ಬಂದ ಮೇಲೆ ದಾಟಲಾಗದ ನೆಲ. ಟೆರೇನ್ ಅಂದರೆ ಬರೀ ತುಣುಕಲ್ಲ, ಅದರ ನಿಯಮ ಕೂಡ. ಮುತ್ತಿಗೆ ಹಾಕುವವನಿಗೆ ಸರದಿಗಳ ಮಿತಿ ಇಡಿ, ಆಮೇಲೆ ನದಿ ಉಕ್ಕುತ್ತದೆ ಅನ್ನಿ. ಆಟ ಎಷ್ಟು ಬಿಗಿಯಾಗುತ್ತದೆ ನೋಡಿ.

ಜಾಗವನ್ನು ಕಣ್ಣಾರೆ ನೋಡಲು ಸಾಧ್ಯವಾದರೆ ಹೋಗಿ ಬನ್ನಿ. ಇಲ್ಲದಿದ್ದರೆ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಸಿಕ್ಕರೆ ಅದರಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ. ಎತ್ತರದ ಗೆರೆಗಳನ್ನು ಮೊದಲು ಬೇರೆ ಹಾಳೆಯಲ್ಲಿ ಎಳೆದುಕೊಳ್ಳಿ, ರಸ್ತೆ ಊರು ಆಮೇಲೆ. ಅಣೆಕಟ್ಟು, ನಾಲೆ, ಹೊಸ ಬಡಾವಣೆ ಇವೆಲ್ಲ ಅಂದು ಇರಲಿಲ್ಲ ಅನ್ನೋದು ಮರೆಯಬೇಡಿ.

ಎರಡನೇ ಮಹಾಯುದ್ಧಕ್ಕೆ ಯಾವ ನೆಲ ಆರಿಸಲಿ? ಮರುಭೂಮಿ ಸುಲಭ ಅಲ್ವಾ?

ಮಾಡೋದಕ್ಕೆ ಸುಲಭ, ಆಡೋದಕ್ಕೆ ಕಷ್ಟ. ಮರುಭೂಮಿ ಅಂದರೆ ಖಾಲಿ ಮೇಜು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. 1942ರಲ್ಲಿ ಈಜಿಪ್ಟಿನ ಎಲ್ ಅಲಮೈನ್ ಸುತ್ತ ರುವೈಸಾತ್‌ನಂಥ ತಗ್ಗಾದ ದಿಣ್ಣೆಗಳಿಗೆ ಎಷ್ಟು ಹೋರಾಟ ನಡೆಯಿತು ಅಂದರೆ, ಅಂಥ ಬಯಲಿನಲ್ಲಿ ಸ್ವಲ್ಪ ಎತ್ತರವೂ ಚಿನ್ನ. ಹಾಗಾಗಿ ಉದ್ದನೆಯ, ಅಗಲವಾದ, ಬರೀ ಒಂದು ಇಂಚು ಎತ್ತರದ ದಿಣ್ಣೆಗಳನ್ನು ನಾಲ್ಕೈದು ಮಾಡಿಕೊಳ್ಳಿ.

ನನ್ನ ಆಯ್ಕೆ ಫ್ರಾನ್ಸಿನ ನಾರ್ಮಂಡಿ, 1944. ಅಲ್ಲಿನ ಬೊಕಾಜ್ ಅಂದರೆ ಸಣ್ಣ ಸಣ್ಣ ಹೊಲ, ಸುತ್ತ ಮಣ್ಣಿನ ಬದು, ಬದುವಿನ ಮೇಲೆ ದಟ್ಟ ಪೊದೆಬೇಲಿ. ಒಂದು ಹೊಲದಿಂದ ಪಕ್ಕದ ಹೊಲ ಕಾಣುವುದಿಲ್ಲ. ಟ್ಯಾಂಕ್ ಹತ್ತಿದರೆ ಹೊಟ್ಟೆ ತೋರಿಸುತ್ತದೆ. ಅಮೆರಿಕನ್ನರು ಟ್ಯಾಂಕಿನ ಮೂತಿಗೆ ಕಬ್ಬಿಣದ ಹಲ್ಲು ಕಟ್ಟಿ ಬೇಲಿ ಸೀಳಿದ್ದು ಅದಕ್ಕೇ. ಮೇಜಿನಲ್ಲಿ ಇದು ತಾನಾಗಿಯೇ ಮರೆ ಕೊಡುತ್ತದೆ. ಒಂದು ಅಡಿ ಉದ್ದದ ಬೇಲಿ ಪಟ್ಟಿ ಹದಿನೈದು ಇಪ್ಪತ್ತು ಮಾಡಿಕೊಂಡರೆ ಬಹುಪಾಲು ಕೆಲಸ ಮುಗಿಯಿತು.

ಗುಡ್ಡ ಮೆಟ್ಟಿಲು ಮೆಟ್ಟಿಲಾಗಿ ಇರಬೇಕಾ, ಇಳಿಜಾರಾಗಿ ಇರಬೇಕಾ?

ಮೆಟ್ಟಿಲು ಇದ್ದರೆ ಗೊಂಬೆ ನಿಲ್ಲುತ್ತದೆ, ಇಳಿಜಾರಾದರೆ ಚೆನ್ನಾಗಿ ಕಾಣುತ್ತದೆ. ಲೋಹದ ಗೊಂಬೆ ಇರುವವರು ಮೆಟ್ಟಿಲೇ ಮಾಡಿ, ಬಿದ್ದರೆ ಪೇಂಟ್ ಹೋಗುತ್ತದೆ.

ನಮ್ಮೂರಲ್ಲಿ ಹಾಬಿ ಅಂಗಡಿ ಇಲ್ಲ. ಟೆರೇನ್ ಸಾಮಾನು ಎಲ್ಲಿ ಸಿಗುತ್ತೆ?

ಎಲ್ಲ ಕಡೆ ಸಿಗುತ್ತದೆ. ದಸರೆಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಪಾರ್ಕು, ಬೆಟ್ಟ, ಕೊಳ ಮಾಡಿ ರಾಗಿ ಚೆಲ್ಲಿ ಹಸಿರು ಬೆಳೆಸುವುದನ್ನು ನೋಡಿರುತ್ತೀರಿ. ನಾವು ಮಾಡುವುದೂ ಅದೇ ಕೈಕೆಲಸ. ಆ ಸಮಯದಲ್ಲಿ ಸಣ್ಣ ಪ್ಲಾಸ್ಟಿಕ್ ಮರ, ಬೇಲಿ, ಬಾವಿ ಎಲ್ಲ ಅಂಗಡಿಗೆ ಬರುತ್ತವೆ, ವರ್ಷಕ್ಕಾಗುವಷ್ಟು ತಂದಿಟ್ಟುಕೊಳ್ಳಿ. ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ ಮಾಡೆಲ್ ಸಾಮಾನು ಮಾರುವ ಸ್ಟೇಷನರಿ ಅಂಗಡಿಗಳಲ್ಲಿ ತಂತಿ ಮರ, ಹುಲ್ಲಿನ ಪುಡಿ, ಸನ್‌ಬೋರ್ಡ್ ಸಿಗುತ್ತದೆ.

ತೆಂಗಿನ ನಾರಿನ ಕಾಲೊರೆಸು ನನ್ನ ಅತಿ ಪ್ರೀತಿಯ ಸಾಮಾನು. ಕತ್ತರಿಸಿ ಇಟ್ಟರೆ ಮಾಗಿದ ಗೋಧಿ ಹೊಲ. ಯುರೋಪಿನ ಯುದ್ಧ ಆಡುವವರು ಹೊರದೇಶಗಳಲ್ಲೂ ಇದನ್ನೇ ಬಳಸುತ್ತಾರೆ, ನಮಗಂತೂ ತಿಪಟೂರು ಅರಸೀಕೆರೆ ಕಡೆ ನಾರಿಗೆ ಬರವೇ ಇಲ್ಲ. ಹಿಂದೆ ರಬ್ಬರ್ ಅಂಟಿಸಿದ್ದನ್ನೇ ತನ್ನಿ, ಇಲ್ಲದಿದ್ದರೆ ಕತ್ತರಿಸಿದ ಕೂಡಲೇ ಉದುರುತ್ತದೆ. ಒಣಗಿದ ಹೀರೆಕಾಯಿ ನಾರು ಹರಿದು ಹಸಿರು ಬಳಿದರೆ ಪೊದೆಬೇಲಿ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಚೂರು ಮಾಡಿದರೂ ಬೇಲಿ ಆಗುತ್ತದೆ. ಸಾಮಿಲ್ಲಿನ ಮರದ ಪುಡಿಯನ್ನು ಜರಡಿ ಹಿಡಿದು, ಪೇಂಟ್ ಅಂಗಡಿಯ ಹಸಿರು ಸ್ಟೇನರ್ ಬೆರೆಸಿ ಒಣಗಿಸಿದರೆ ಹುಲ್ಲು. ಬಳಸಿದ ಚಹಾ ಪುಡಿ ಕಾಡಿನ ನೆಲಕ್ಕೆ ಬಹಳ ಚೆನ್ನ, ಆದರೆ ಎರಡು ಮೂರು ದಿನ ಬಿಸಿಲಲ್ಲಿ ಪೂರ್ತಿ ಒಣಗಲೇಬೇಕು, ಚೂರು ಹಸಿ ಇದ್ದರೂ ಬೂಸ್ಟು ಹಿಡಿಯುತ್ತದೆ. ಹಳೆ ಸಿ.ಡಿ.ಗಳು ಮರಗಳ ಬುಡಕ್ಕೆ. ಫೆವಿಕಾಲ್ ದೊಡ್ಡ ಡಬ್ಬಿಯೇ ತನ್ನಿ.

ಥರ್ಮೋಕೋಲ್ ಗುಡ್ಡಕ್ಕೆ ಸ್ಪ್ರೇ ಪೇಂಟ್ ಹೊಡೆದೆ, ಕರಗಿ ಹೋಯ್ತು. ಯಾಕೆ?

ಸ್ಪ್ರೇ ಡಬ್ಬಿಯ ದ್ರಾವಕ ಥರ್ಮೋಕೋಲನ್ನು ತಿನ್ನುತ್ತದೆ. ಮೊದಲು ಫೆವಿಕಾಲ್ ಮತ್ತು ಎಮಲ್ಷನ್ ಪೇಂಟ್ ಬೆರೆಸಿ ಬ್ರಷ್ಷಿನಲ್ಲಿ ಎರಡು ಸಲ ಬಳಿಯಿರಿ, ಒಂದು ಚುಕ್ಕೆ ಬಿಳಿಯೂ ಉಳಿಯಬಾರದು. ಆಮೇಲೂ ನೀರಿನ ಪೇಂಟೇ ಸಾಕು, ಸ್ಪ್ರೇ ಬೇಕಾಗಿಲ್ಲ. ಗೋಡೆಗೆ ಹಚ್ಚುವ ಪುಟ್ಟಿಗೆ ಸ್ವಲ್ಪ ಫೆವಿಕಾಲ್ ಸೇರಿಸಿ ಮೇಲೆ ಹಚ್ಚಿದರೆ ಗಟ್ಟಿ ಚರ್ಮ ಬರುತ್ತದೆ, ಬಿರುಕು ಬಿಡುವುದು ಕಡಿಮೆ.

ಗಣಪತಿ ಮಂಟಪಕ್ಕೆ ಬಳಸುವ ಮಣಿಮಣಿ ಥರ್ಮೋಕೋಲ್‌ಗಿಂತ ಛಾವಣಿಗೆ ಶಾಖ ತಡೆಯಲು ಹಾಕುವ ಎಕ್ಸ್‌ಪಿಎಸ್ ಹಲಗೆ ಸಾವಿರ ಪಾಲು ಮೇಲು. ಕತ್ತರಿಸಿದರೆ ಬೆಣ್ಣೆ ಹಾಗೆ, ಮೇಲೆ ಪೆನ್ಸಿಲಿನಲ್ಲಿ ಗೀಚಿದರೆ ಕಲ್ಲಿನ ಗೋಡೆ. ಬಿಸಿ ತಂತಿಯಲ್ಲಿ ಕತ್ತರಿಸುವಾಗ ಬರುವ ಹೊಗೆ ಕೆಟ್ಟದ್ದು, ಬಾಲ್ಕನಿಯಲ್ಲೋ ತಾರಸಿಯಲ್ಲೋ ಮಾಡಿ, ಮಕ್ಕಳನ್ನು ದೂರ ಇಡಿ.

ಎಂಡಿಎಫ್ ಕಿಟ್ ಕೊಳ್ಳಲಾ, 3ಡಿ ಪ್ರಿಂಟ್ ಮಾಡಿಸಲಾ?

ಊರಿನ ಮನೆ, ಗೋಡೌನು, ಸೇತುವೆ ಇಂಥ ನೇರ ಗೆರೆಯ ಕಟ್ಟಡಕ್ಕೆ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ. ಮುರಿದ ಗೋಡೆ, ಕೆತ್ತನೆ, ಪೈಪು, ಯಂತ್ರಗಳಿಗೆ ಪ್ರಿಂಟ್. ಒಂದು ಅಂಗಡಿಯಿಂದ ತರಿಸಿದ ಎಂಡಿಎಫ್ ಸೆಟ್ಟಿನಲ್ಲಿ ಮೂರು ಗೋಡೆ ಮೂಲೆ ಮುರಿದು ಬಂದಿತ್ತು, ಎರಡು ಸಲ ಬರೆದರೂ ಉತ್ತರ ಬರಲಿಲ್ಲ. ಆಮೇಲಿಂದ ಪೊಟ್ಟಣ ಬಿಚ್ಚುವಾಗ ವಿಡಿಯೊ ತೆಗೆಯುತ್ತೇನೆ, ನೀವೂ ತೆಗೆಯಿರಿ. ಪ್ರಿಂಟಿಗೆ ಸಾಮಾನ್ಯ ಪಿಎಲ್‌ಎ ಪ್ಲಾಸ್ಟಿಕ್ ಸಾಕು, ರೆಸಿನ್ ದಂಡ. ಪಿಎಲ್‌ಎ 60 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ, ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ.

ಯಾವುದನ್ನು ಕೊಂಡರೂ ಛಾವಣಿ ತೆಗೆಯಲು ಬರಬೇಕು. ಒಳಗೆ ಗೊಂಬೆ ಇಡಲಾಗದ ಮನೆ ಒಂದು ಇಟ್ಟಿಗೆ ಅಷ್ಟೇ.

ಮಳೆಗಾಲದಲ್ಲಿ ಎಲ್ಲ ಬಾಗಿ ಹೋಗುತ್ತೆ, ಏನು ಮಾಡಲಿ?

ಕರಾವಳಿ ಮಲೆನಾಡಿನವರ ಪ್ರಶ್ನೆ ಇದು. ಎಂಡಿಎಫ್ ಮತ್ತು ರಟ್ಟು ತೇವ ಹೀರುತ್ತವೆ. ಒಂದೇ ಮೈಗೆ ಪೇಂಟ್ ಮಾಡಿದರೆ ಆ ಕಡೆಗೇ ಬಾಗುತ್ತವೆ. ಎರಡೂ ಮೈಗೆ, ಅಂಚಿಗೂ ಬಳಿಯಿರಿ, ಮೇಲೆ ವಾರ್ನಿಷ್. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣ ಹಾಕಿ ಇಡಿ. ನೆಲದ ಮೇಲೆ ಇಡಬೇಡಿ, ಗೆದ್ದಲಿಗೆ ನಾರು, ರಟ್ಟು, ಮರದ ಪುಡಿ ಎಲ್ಲ ಊಟವೇ.

ಗೊಂಬೆ ಟೆರೇನ್ ಏನೂ ಬೇಡ, ಚೌಕ ಅಥವಾ ಆರು ಮೂಲೆಯ ಮನೆಗಳ ನಕ್ಷೆ ಮೇಲೆ ಆಡಬಹುದಾ?

ಧಾರಾಳವಾಗಿ. ಇದು ಹಳೆಯ ದಾರಿಯೇ. ಪ್ರಷ್ಯಾದ ರೈಸ್‌ವಿಟ್ಸ್ 1812ರಲ್ಲಿ ಯುದ್ಧದಾಟಕ್ಕೆಂದು ರಾಜನಿಗೆ ಕೊಟ್ಟದ್ದು ಜೋಡಿಸಿ ಬದಲಿಸಬಹುದಾದ ನೆಲದ ಬಿಲ್ಲೆಗಳ ಮೇಜು. ಅವನ ಮಗ 1824ರಲ್ಲಿ ಅದನ್ನು ಬಿಟ್ಟು 1:8000 ಕಾಗದದ ನಕ್ಷೆಗೆ ಬಂದ. ಸೈನ್ಯದ ಅಧಿಕಾರಿಗಳು ಎಲ್ಲಿ ಬೇಕಾದರೂ ಆಡುವಂತಾಯಿತು. ಇವತ್ತಿನ ಆಟಗಳಲ್ಲಿ ಬ್ಯಾಟಲ್‌ಟೆಕ್ ಆರು ಮೂಲೆಯ ಮನೆಗಳ ನಕ್ಷೆಯ ಮೇಲೇ ನಡೆಯುತ್ತದೆ, ಒಂದು ಮನೆ ಅಂದರೆ 30 ಮೀಟರ್. ಕಾಡು, ನೀರು, ಎತ್ತರ ಎಲ್ಲ ಅಚ್ಚಾಗಿರುವುದರಿಂದ ನೋಟದ ಬಗ್ಗೆ ವಾದ ಬಹಳ ಕಡಿಮೆ. ಪ್ರಯಾಣದಲ್ಲಿ, ಹಾಸ್ಟೆಲಿನಲ್ಲಿ ಇರುವವರಿಗೆ ಇದೇ ಸರಿ.

ಕೈಯಲ್ಲಿ ದುಡ್ಡು ಕಡಿಮೆ, ಸಮಯವೂ ಕಡಿಮೆ. ಮೊದಲು ಏನು ಮಾಡಲಿ?

ಈ ಭಾನುವಾರ ಶೂ ಡಬ್ಬಿ ಮತ್ತು ಅಮೆಜಾನ್ ರಟ್ಟಿನ ಪೆಟ್ಟಿಗೆಗಳಿಂದ ನಾಲ್ಕು ಮನೆ ಮಾಡಿ, ಬೂದು ಬಣ್ಣ ಬಳಿದರೆ ಸಾಕು. ಗೊಂಬೆಯ ಮೂರು ಪಟ್ಟು ಎತ್ತರ ಇರಲಿ. ಮುಂದಿನ ವಾರ ಹಲಗೆಯ ತುಂಡಿನಿಂದ ಮೂರು ಕಾಡಿನ ಬುಡ, ಅದರ ಮುಂದಿನ ವಾರ ಎರಡು ಗುಡ್ಡ, ಒಂದು ಅಡಿ ಉದ್ದದ ಆರು ಗೋಡೆ. ಹೊಸ ತುಣುಕು ಬಂದ ಹಾಗೆಲ್ಲ ಒಂದು ಆಟ ಆಡಿ ನೋಡಿ, ಯಾವುದರ ಹಿಂದೆ ಯಾರೂ ಹೋಗಲಿಲ್ಲವೋ ಅದನ್ನು ಮುಂದಿನ ಸಲ ಬೇರೆ ಕಡೆ ಇಡಿ. ನನ್ನ ಮೊದಲ ಶೂ ಡಬ್ಬಿ ಮನೆಗಳಲ್ಲಿ ಎರಡು ಇನ್ನೂ ಇವೆ, ಸುಣ್ಣ ಬಳಿದ ಗೋಡೆ, ನೀಲಿ ಬಾಗಿಲು, ಪ್ರತಿ ನಾರ್ಮಂಡಿ ಆಟದಲ್ಲೂ ಮೇಜಿಗೆ ಬರುತ್ತವೆ.